ರೊಟ್ಟಿ ಹಂಚು ಕೇಳಿದ ಮಿಸ್ತ್ರಿ

ಮಿಸ್ತ್ರಿ ಚಾಚಾ ಎಡಗಿವಿಯ ಮಡಿಕೆಯಲ್ಲಿ ಅತ್ತರು ಅದ್ದಿದ ಹತ್ತಿ ಇಟ್ಟುಕೊಳ್ಳುತ್ತಿದ್ದರು. ಬಲಗಿವಿಗೆ ಉದ್ದನೆಯ ಸ್ಕ್ರೂಡ್ರೈವರಿನ ಹಿಡಿ. ಅದರ ತುದಿಯನ್ನು ಓಡುವ ಎಂಜಿನ್ನಿಗೆ ಆನಿಸಿ, ಕಣ್ಣು ಮುಚ್ಚಿ, ನಾಡಿ ನೋಡುವ ವೈದ್ಯರಂತೆ ಕೂತುಬಿಡುತ್ತಿದ್ದರು. ನಡುವೆ ಯಾರಾದರೂ ಬಾಯಿ ಹಾಕಿದರೆ, "ಅತ್ತರಿನ ಕಿವಿ ಮಂದಿ ಮಾತಿಗಿ. ಈ ಕಿವಿ ಮೋಟರಿಗಿ. ಈಗ ಮೋಟರ್ ಮಾತಾಡಾಕತ್ತದ, ಜರಾ ಸುಮ್ಕಿರ್ರಿ" ಅನ್ನುತ್ತಿದ್ದರು.

ಅವರ ಅಂಗಡಿ ಕಲಬುರಗಿಯ ಮೋಮಿನಪುರದಲ್ಲಿತ್ತು. ನಾನು ಅವರನ್ನು ಮೊದಲು ಕಂಡದ್ದು ಕಮಲಾಪುರದ ನಮ್ಮ ಮನೆಯ ಅಂಗಳದಲ್ಲಿ. ನಿಜಾಮನ ಆಳ್ವಿಕೆಯ ಕೊನೆಯ ವರ್ಷಗಳು. ನನಗೆ ಎಂಟು ವರ್ಷ, ನಾಲಿಗೆಗೆ ಮಾತ್ರ ಹದಿನೆಂಟು.

ಅಪ್ಪನಿಗೆ ಕೆಂಪು ಬಾಳೆಯ ತೋಟವಿತ್ತು, ಯಾರೋ ಸಾಹೇಬ ಮಾರಿಹೋದ ಒಂದು ಮೋಟರ್‌ಸೈಕಲ್ಲೂ ಇತ್ತು. ನನ್ನನ್ನು ಕಲಬುರಗಿಯ ಸೋದರತ್ತೆಯ ಮನೆಯಲ್ಲಿಟ್ಟು ಹುಡುಗಿಯರ ಶಾಲೆಗೆ ಹಾಕಿದ್ದು ಆ ಗಾಡಿಯ ಧೈರ್ಯದಿಂದಲೇ. ಅಪ್ಪನ ತಾಯಿ, ನಮ್ಮ ಆಯಿ, ಒಂದೇ ಕರಾರು ಹಾಕಿದ್ದಳು: ಪ್ರತಿ ವಾರ ಹುಡುಗಿ ಮನೆಗೆ ಬರಬೇಕು. ಆಗ ರಜೆ ಶುಕ್ರವಾರ. ಗುರುವಾರ ಸಂಜೆ ಅಪ್ಪನ ಬೆನ್ನು ತಬ್ಬಿ ಬರುತ್ತಿದ್ದೆ, ಶನಿವಾರ ಬೆಳಗ್ಗೆ ಮತ್ತೆ ಹೋಗುತ್ತಿದ್ದೆ.

ಒಂದು ಗುರುವಾರ ಮನೆಯ ಹತ್ತಿರ ಬರುತ್ತಲೇ ಎಂಜಿನ್ನು ಕಟಕಟ ಹಲ್ಲು ಕಡಿಯತೊಡಗಿತು. ನನ್ನ ಪಾದದ ಮೇಲೆಲ್ಲ ಎಣ್ಣೆ. ಆಯಿಗೆ ಹಬ್ಬ.

"ಗಾಡಿ ಕೆಟ್ಟದ್ದು ದೇವರು ಹೇಳಿದಂಗ ಆತು. ಸಾಲಿ ಸಾಕು. ಇನ್ನ ರೊಟ್ಟಿ ಬಡಿಯಾದು ಕಲೀಲಿ."

ಅಪ್ಪ ತಾಯಿಯ ಮಾತಿಗೆ ಎದುರಾಡುವವನಲ್ಲ. ಆದರೆ ಮೋಮಿನಪುರಕ್ಕೆ ಹೇಳಿಕಳಿಸಿದ. ಎರಡು ದಿನ ಬಿಟ್ಟು ಚಾಚಾ ಸಾಮಾನಿನ ಚೀಲ ಹೊತ್ತು, ಹತ್ತಿ ಸಾಗಿಸುವ ಲಾರಿಯಲ್ಲಿ ಬಂದಿಳಿದರು; ಚೀಲದ ಬಾಯಲ್ಲಿ ಹಿತ್ತಾಳೆಯ ಹೂಜಿಯೊಂದು ಹೊಳೆಯುತ್ತಿತ್ತು. ಒಮ್ಮೆ ಎಂಜಿನ್ನು ಓಡಿಸಿ ಬಲಗಿವಿ ಕೊಟ್ಟರು.

"ಬೇರಿಂಗ್ ಸವದಾವ್ರಿ ಸಾವ್ಕಾರ. ಮುದುಕಿ ಹಲ್ಲಿನಂಗ ಅಲುಗಾಡಾಕತ್ತಾವ. ಎಣ್ಣಿ ತಡಿಯೋ ಸೀಲೂ ಹೋಗ್ಯಾವ."

"ನನ್ನ ಹಲ್ಲ ಗಟ್ಟಿ ಅವ!" ಒಳಗಿನಿಂದ ಆಯಿಯ ದನಿ.

ಚಾಚಾ ಎಂಜಿನ್ನು ಬಿಚ್ಚಿ ಚಾಪೆಯ ಮೇಲೆ ಹರವಿದರು. ಅಲ್ಯುಮಿನಿಯಂ ಚಿಪ್ಪು ಎರಡು ಹೋಳಾಯಿತು. ಹೋಳಿನೊಳಗೆ ಹಳೆಯ ಬೇರಿಂಗು ಬಿಗಿಯಾಗಿ ಕಚ್ಚಿಕೊಂಡು ಕೂತಿತ್ತು. ಅಪ್ಪ ಸುತ್ತಿಗೆ ಎತ್ತಿದ. ಚಾಚಾ ಅವನ ಮಣಿಕಟ್ಟು ಹಿಡಿದರು.

"ಬಡದರ ಒಡಿತದ. ಕಾಸಿದರ ತಾನ ಬಿಡ್ತದ." ನನ್ನ ಕಡೆ ತಿರುಗಿ, "ಬೇಟಿ, ಮನ್ಯಾಗ ರೊಟ್ಟಿ ಹಂಚ ಅದ ಇಲ್ಲೋ?" ಅಂದರು.

ಆಯಿಯ ಹಂಚನ್ನು ನಮ್ಮವ್ವ ಕೂಡ ಕೇಳದೆ ಮುಟ್ಟುವಂತಿರಲಿಲ್ಲ. ನಾನು ಅದನ್ನು ಲಂಗದೊಳಗೆ ಮುಚ್ಚಿಕೊಂಡು ತಂದೆ. ಹೊಟ್ಟೆಯೆಲ್ಲ ಮಸಿ. ಅಂಗಳದಲ್ಲಿ ಮೂರು ಕಲ್ಲಿಟ್ಟು ಹಂಚು ಏರಿಸಿ, ಚಿಪ್ಪನ್ನು ಅದರ ಮೇಲೆ ಕೂಡಿಸಿದರು.

"ರೊಟ್ಟಿ ಹಾಕೋ ಹದಾ ಬರಬೇಕು. ಗೊತ್ತದ ಏನು?"

"ಗೊತ್ತದ!" ಅಂದೆ. ಹಂಚಿನ ಮುಂದೆ ಒಂದು ದಿನವೂ ಕೂತವಳಲ್ಲ. ಶಾಲೆ ಉಳಿಯಬೇಕಲ್ಲ ಎಂಬ ಆತುರಕ್ಕೆ ಕೈಗೆ ಸಿಕ್ಕ ಕಟ್ಟಿಗೆಯನ್ನೆಲ್ಲ ತುರುಕಿದೆ. ಉರಿ ಒಂದು ಮಗ್ಗುಲಿಗೆ, ಹೊಗೆ ಇನ್ನೊಂದು ಮಗ್ಗುಲಿಗೆ. ಚಾಚಾ ಎಲೆ ಅಡಿಕೆ ಮೆಲ್ಲುತ್ತ ನೋಡುತ್ತಿದ್ದರು.

ಹೊಗೆ ಅಡಿಗೆಮನೆಗೆ ನುಗ್ಗಿತು. ಹಿಂದೆಯೇ ಆಯಿ ಹೊರಗೆ ಬಂದಳು. ತನ್ನ ಹಂಚು, ಅದರ ಮೇಲೊಂದು ಎಂಜಿನ್ನಿನ ಹೋಳು. ನಾನು ಕಣ್ಣು ಮುಚ್ಚಿಕೊಂಡೆ.

"ಏ ಹುಚ್ಚಿ! ಹಂಚ ಹಿಂಗ ಕಾಸ್ತಾರೇನ? ಒಂದ ಕಡಿ ಸೀದು ಒಂದ ಕಡಿ ಹಸಿ! ಸರಿ ಅತ್ಲಾಗ!"

ಸೆರಗು ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತೇಬಿಟ್ಟಳು. ದಪ್ಪ ಕಟ್ಟಿಗೆ ಹಿಂದಕ್ಕೆ ಎಳೆದಳು, ಕೆಂಡ ಸುತ್ತ ಹರಡಿದಳು. "ಎಷ್ಟ ಕಾಯಬೇಕ್ರಿ ಇದು?"

"ಅದು ನಿಮಗೇ ಗೊತ್ರೀ ಅಮ್ಮಾ. ನಾ ಕಬ್ಬಿಣದಂವ, ಹಂಚಿಂದು ನನಗೇನ್ ಗೊತ್ತು?"

ಆಯಿ ಬೆರಳದ್ದಿ ನೀರು ಸಿಂಪಡಿಸಿದಳು. ಹನಿ ಚುಂಯ್ ಎಂದು ಸತ್ತಿತು. "ಇನ್ನೂ ಹಸಿ." ಮತ್ತೆ ಸಿಂಪಡಿಸಿದಳು. ಈ ಸಲ ಹನಿಗಳು ಮುತ್ತಿನಂತೆ ಹಂಚಿನ ತುಂಬ ಓಡಾಡಿದವು. "ಹೂಂ, ಈಗ ತಗೀರಿ!"

ಚಾಚಾ ಗೋಣಿತಟ್ಟಿನಲ್ಲಿ ಚಿಪ್ಪು ಹಿಡಿದು ಹಲಗೆಯ ಮೇಲೆ ಮೆಲ್ಲಗೆ ಬೋರಲು ಮಾಡಿದರು. ಟಣ್! ಹಳೆಯ ಬೇರಿಂಗು ತಾನಾಗಿ ಕೆಳಗೆ ಬಿತ್ತು. ಆ ಕಾವು ಆರುವ ಮೊದಲೇ ಹೊಸದನ್ನು ಹೆಬ್ಬೆರಳಲ್ಲಿ ಒತ್ತಿದರು. ಹುಡಿ ಹಚ್ಚಿದ ಹಿಟ್ಟಿನ ಉಂಡೆ ರೊಟ್ಟಿ ಬಡಿಯುವ ಕೊಣಮಿಗೆಯಲ್ಲಿ ಕೂರುವಷ್ಟು ಸಲೀಸಾಗಿ ಕೂತಿತು. ಕುದುರೆಯ ಜೀನಿನ ಕೆಳಗೆ ಹಾಸುವ ದಪ್ಪ ಉಣ್ಣೆಯ ನಮದಾವನ್ನು ಬಳೆಯಾಕಾರ ಕತ್ತರಿಸಿ, ಬೆಚ್ಚನೆಯ ಎಣ್ಣೆಯಲ್ಲಿ ನೆನೆಸಿ ಹೊಸ ಸೀಲು ಮಾಡಿದರು. ಎರಡನೇ ಹೋಳಿಗೆ ಆಯಿಯನ್ನು ಯಾರೂ ಕರೆಯಬೇಕಾಗಲಿಲ್ಲ. ಅವಳು ಎದ್ದಿದ್ದರೆ ತಾನೆ!

ಮರುದಿನ ಸಂಜೆ ಎಂಜಿನ್ನು ಬೆಕ್ಕಿನಂತೆ ಗುರುಗುಟ್ಟಿತು. "ನಾ ಕಾಸಿದ ಗಾಡಿ," ಎಂದಳು ಆಯಿ ಓಣಿಗೆಲ್ಲ ಕೇಳುವಂತೆ. "ಹುಡುಗಿ ನಾಳೆ ಸಾಲಿಗಿ ಹೋಗಲಿ." ಎರಡು ದಿನ ನಮ್ಮ ರೊಟ್ಟಿ ಗ್ರೀಸಿನ ವಾಸನೆ ಹೊಡೆಯಿತು. ಎಲ್ಲರೂ ಹಾಗೇ ತಿಂದೆವು.

ಕೆಲವು ತಿಂಗಳ ಮೇಲೆ ಅಪ್ಪನ ಜೊತೆ ಮೋಮಿನಪುರದ ಅಂಗಡಿಗೆ ಹೋದೆ. ಚಾಚಾ ಹಿತ್ತಾಳೆಯ ಹೂಜಿಯಂಥದ್ದಕ್ಕೆ ಪಂಪು ಹೊಡೆದರು. ಅದರ ಮೂತಿಯಿಂದ ಭುಸ್ ಎಂದು ನೀಲಿ ಉರಿ ಬಂತು. ಅದನ್ನು ಒಂದು ಚಿಪ್ಪಿಗೆ ಹಿಡಿದರು. ನಾನು ಐವತ್ತು ಎಣಿಸುವಷ್ಟರಲ್ಲಿ ಬೇರಿಂಗು ಕೆಳಗೆ. ಆ ಹೂಜಿ ನಮ್ಮ ಅಂಗಳದಲ್ಲೂ ಅವರ ಚೀಲದಲ್ಲಿತ್ತು! ಕುಡಿಯುವ ನೀರಿನದು ಅಂದುಕೊಂಡಿದ್ದೆ.

"ಚಾಚಾ, ಇದು ಇತ್ತಂದ್ರ ಆಯಿ ಹಂಚ ಯಾಕ ಬೇಕಾಗಿತ್ತು?"

ಚಾಚಾ ನನ್ನನ್ನೇ ನೋಡಿ ನಕ್ಕರು. "ಅವತ್ತ ನಿಮ್ಮ ಮನ್ಯಾಗ ಜಾಮ್ ಆಗಿದ್ದು ಬರೇ ಬೇರಿಂಗ್ ಏನು, ಬೇಟಿ?"

ನಾನು ಶಾಲೆ ಮುಗಿಸಿದೆ, ಟೀಚರಾದೆ. ಮೊದಲ ಸಂಬಳದ ಪೇಡೆ ಚಾಚಾ ತಿಂದರು. ಅದರ ಮರುವರ್ಷ ಅವರು ತೀರಿಕೊಂಡರು. ಸುದ್ದಿ ತಂದವಳು ನಾನೇ. ಅಂದು ಆಯಿ ಒಲೆ ಹಚ್ಚಲಿಲ್ಲ, ಹಂಚನ್ನು ಗೋಡೆಗೆ ಆನಿಸಿಟ್ಟಳು.

"ನನ್ನ ಜೋಡಿ ಕೆಲಸ ಮಾಡಿದ ಮನಷ್ಯಾ," ಎಂದಳು.

ಇಷ್ಟು ವರ್ಷ ಮುಚ್ಚಿಟ್ಟ ಗುಟ್ಟನ್ನು ಆಗ ಹೇಳಿಬಿಟ್ಟೆ. ಚಾಚಾನ ಚೀಲದಲ್ಲಿ ಉರಿಯ ಹೂಜಿ ಇತ್ತು, ಬೇಕೆಂದೇ ಹಂಚು ಕೇಳಿದ್ದರು ಎಂದೆ. ಆಯಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಚೀಲ ನಾನೂ ನೋಡೀನಿ, ಹುಚ್ಚಿ. ಭಾಂಡ್ಯಾಕ ಕಲಾಯಿ ಹಾಕಾವನ ಹಂತ್ಯಾಕೂ ಅಂಥಾ ಉರಿ ಹೂಜಿ ಇತ್ತು. 'ನಿಮಗೇ ಗೊತ್ರೀ ಅಮ್ಮಾ' ಅಂತ ಅಷ್ಟ ಮರ್ಯಾದಿಯಿಂದ ಅಂದ ಮ್ಯಾಲೆ ಇಲ್ಲ ಅನ್ನಾದು ಹ್ಯಾಂಗ?"