ಒಂದೇ ಅಂಕ ಪಡೆದ ಇಬ್ಬರು

ಅಕ್ಕ ತೀರಿಕೊಂಡ ಮೇಲೆ ಸಿಂದಗಿಯ ಅವಳ ಮನೆಗೆ ಮಾತಾಡಿಸಲು ಬಂದವರೆಲ್ಲ ಒಂದಲ್ಲ ಒಂದು ಸಲ ಹೇಳಿದರು: “ಡಾಕ್ಟರ್ ಆಗಬೇಕಾಗಿದ್ದಾಕಿ.” ಅವಳು ನಿವೃತ್ತಿಯವರೆಗೂ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ನಾನು ಗೋಡೆಗೆ ಒರಗಿ ಅಳುತ್ತ ಕೂತಿದ್ದೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅಳು ನಿಂತು ಹೊಟ್ಟೆಯಲ್ಲಿ ಕಿಚ್ಚು ಏಳುತ್ತಿತ್ತು. ಸತ್ತವರ ಮೇಲೂ ಹೊಟ್ಟೆಕಿಚ್ಚು ಆಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಎಪ್ಪತ್ತರ ದಶಕದ ಮಾತು. ಆಗ ನಾವು ಮುದ್ದೇಬಿಹಾಳದಲ್ಲಿದ್ದೆವು. ಅಕ್ಕನಿಗೆ ವಿಷಮಜ್ವರ ಬಂದು ಒಂದು ವರ್ಷ ಹಾಳಾಗಿದ್ದರಿಂದ ಇಬ್ಬರೂ ಒಂದೇ ತರಗತಿಗೆ ಬಿದ್ದು, ಪಿ.ಯು.ಸಿ. ವಿಜ್ಞಾನದ ಪರೀಕ್ಷೆಯನ್ನೂ ಜೊತೆಗೇ ಬರೆದೆವು. ಅಕ್ಕ ಡಾಕ್ಟರ್ ಆಗುತ್ತಾಳೆ ಎಂದು ಅವಳು ಸಣ್ಣವಳಿದ್ದಾಗಲೇ ಮನೆಯಲ್ಲಿ ತೀರ್ಮಾನವಾಗಿತ್ತು. ನಾನೇನಾಗುತ್ತೇನೆ ಎಂದು ಯಾರೂ ಯೋಚಿಸಿರಲಿಲ್ಲ.

ಅವಳು ಓದಲು ಕೂತರೆ ರೊಟ್ಟಿ ಬಡಿಯುವ ಸಪ್ಪಳವೂ ಆಗಬಾರದು. ಅದಕ್ಕೆ ಅವ್ವ ಒಂದು ಉಪಾಯ ಹುಡುಕಿದಳು. ಜೋಳದ ಹಿಟ್ಟನ್ನು ಬುಟ್ಟಿಗೆ ಹಾಕಿ ನನ್ನ ಕೈಗೆ ಕೊಟ್ಟು, ಹಿಂದಿನ ಓಣಿಯ ಚಿಕ್ಕಮ್ಮನ ಮನೆಗೆ ಕಳಿಸುವಳು. ನಾನು ಅಲ್ಲಿ ರೊಟ್ಟಿ ಬಡಿದು, ಬಟ್ಟೆಯಲ್ಲಿ ಸುತ್ತಿಕೊಂಡು ತರಬೇಕು. ನನಗೂ ಅದೇ ಪರೀಕ್ಷೆ ಇತ್ತು.

“ನಿಮ್ಮ ಮನ್ಯಾಗ ಒಲಿ ಇಲ್ಲೇನ ತಂಗಿ?” ಎಂದು ಚಿಕ್ಕಮ್ಮ ನಗುತ್ತಿದ್ದಳು.

“ಒಲಿ ಐತಿ. ಡಾಕ್ಟರ್ ಓದಾಕತ್ತಾರ.”

ಫಲಿತಾಂಶ ಬಂತು. ಕಾಲೇಜಿನಿಂದ ಅಪ್ಪ ಇಬ್ಬರ ಅಂಕಪಟ್ಟಿಗಳನ್ನೂ ತಂದು ನಡುಮನೆಯಲ್ಲಿಟ್ಟರು. ಒಟ್ಟು ಅಂಕ ಇಬ್ಬರದೂ ಒಂದೇ! ಒಂದು ಅಂಕದ ಫರಕೂ ಇಲ್ಲ. ಆ ದಿನ ಅವ್ವ ನನ್ನ ಹೆಸರಿನಲ್ಲಿ ಓಣಿಗೆಲ್ಲ ಸಕ್ಕರೆ ಹಂಚಿಸಿದಳು. ಅಕ್ಕನ ಸಲುವಾಗಿ ಅಪ್ಪ ರಾತ್ರಿ ಉಣ್ಣಲಿಲ್ಲ. ಸಕ್ಕರೆ ಹಂಚಿ ಬಂದ ನನ್ನನ್ನು ಯಾರೂ ತಲೆ ಎತ್ತಿ ನೋಡಲಿಲ್ಲ. ಎಲ್ಲರೂ ಅಕ್ಕನ ಸುತ್ತ ಕೂತಿದ್ದರು.

ಮರುದಿನ ಬಸವನ ಬಾಗೇವಾಡಿಯಿಂದ ಸೋದರಮಾವ ಬಂದ. “ಅಕ್ಕಾ, ಈ ಮಾರ್ಕ್ಸ್‌ಗೆ ಮೆಡಿಕಲ್ ಸೀಟು ಸಿಗೂದಿಲ್ಲ. ರಿಜೆಕ್ಟ್ ಮಾಡಸ್ರಿ,” ಎಂದು ಅವ್ವನಿಗೆ ಹೇಳಿದ. ಬಂದ ಫಲಿತಾಂಶ ಬೇಡವೆಂದು ಬರೆದುಕೊಟ್ಟು ಮತ್ತೆ ಎಲ್ಲ ವಿಷಯಗಳ ಪರೀಕ್ಷೆ ಬರೆಯುವುದಕ್ಕೆ ಹುಡುಗರು ‘ರಿಜೆಕ್ಟ್’ ಎನ್ನುತ್ತಿದ್ದರು. ಬರೆದುಕೊಟ್ಟರೆ ಕೈಯಲ್ಲಿದ್ದ ಪಾಸೂ ಹೋಯಿತು. ಎರಡನೆಯ ಸಲ ಕೆಟ್ಟರೆ ನಾಪಾಸೇ ಗತಿ.

“ಹುಡುಗಿ ಅಂಜ್ಯಾಳ, ಸುಮ್ನ ಬಿಡೋ,” ಎಂದಳು ಅವ್ವ.

“ಅಂಜಿದ್ರ ಡಾಕ್ಟರ್ ಆಗ್ತಾರೇನ?”

ಅಕ್ಕ ಸೆರಗಿನ ತುದಿ ತಿರುವುತ್ತ ಕೂತಿದ್ದಳು. ಅವಳಿಗೆ ಬೇಡವಾದ ಅವಕಾಶ ನನಗೆ ಬೇಕಾಗಿತ್ತು. ರೊಟ್ಟಿ ಬಡಿಯದೆ ಒಂದು ಸಲ ಓದಿ ಬರೆದರೆ ನನಗೆಷ್ಟು ಬೀಳಬಹುದು ಎಂದು ನನಗೇ ನೋಡಬೇಕಿತ್ತು. ಬಾಗಿಲಲ್ಲಿ ನಿಂತೇ ಹೇಳಿದೆ:

“ಅಪ್ಪಾ, ನಾನೂ ರಿಜೆಕ್ಟ್ ಮಾಡ್ತೇನ್ರಿ.”

ಅಪ್ಪ ನಕ್ಕರು. ಸಿಟ್ಟಿನಿಂದಲ್ಲ, ಪ್ರೀತಿಯಿಂದಲೇ. “ನಿನಗ ಯಾಕ ಯವ್ವಾ? ನಿಂದು ಚೊಲೋ ಆಗೇತಲ್ಲ.”

ಆಗ ಅಕ್ಕ ತಲೆ ಎತ್ತಿದಳು. “ಇಬ್ಬರವೂ ಒಂದ ಮಾರ್ಕ್ಸ್. ಅಕಿಂದು ಚೊಲೋ, ನಂದು ಕೆಟ್ಟ ಹೆಂಗಪ್ಪಾ?”

ಮಾವ ಕೆಮ್ಮಿದ. ಅವ್ವ ಚಹಾ ಮಾಡಲು ಎದ್ದಳು.

ಕೊನೆಗೆ ಅಕ್ಕ ಬರೆದುಕೊಟ್ಟಳು. ಬರೆದುಕೊಡಿಸಿದರು ಅನ್ನಬೇಕು. ನಾನು ವಿಜಾಪುರದ ಶಿಕ್ಷಕರ ತರಬೇತಿಗೆ ಸೇರಿದೆ. ರಜೆಗೆ ಬಂದರೆ ಅದೇ ಹಿಟ್ಟಿನ ಬುಟ್ಟಿ, ಅದೇ ಚಿಕ್ಕಮ್ಮನ ಮನೆ. ಒಳಗಿನ ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು. ಕೆನೆ ಹಾಲಿನ ಲೋಟ ಒಳಗೆ ಹೋಗಿ ಎಷ್ಟೋ ಸಲ ತುಂಬಿದ್ದು ತುಂಬಿದ ಹಾಗೇ ಹೊರಗೆ ಬರುತ್ತಿತ್ತು. ಅದನ್ನು ಕುಡಿಯುವವಳು ನಾನೇ. ಕುಡಿಯುವಾಗಲೂ ಅದು ಅವಳದೇ ಅನ್ನಿಸುತ್ತಿತ್ತು.

ಎರಡನೆಯ ಸಲ ಅವಳ ಅಂಕ ಏರಿತು. ಸೀಟಿಗೆ ಸಾಲುವಷ್ಟು ಏರಲಿಲ್ಲ. ಅವಳು ಬಿ.ಎಸ್ಸಿ., ಬಿ.ಎಡ್. ಮುಗಿಸಿ ಸಿಂದಗಿಯ ಹೈಸ್ಕೂಲಿಗೆ ಹೋದಳು. ನಾನು ಇಂಡಿ ತಾಲೂಕಿನ ಹಳ್ಳಿಗಳಲ್ಲಿ ಒಂದನೆಯ ತರಗತಿಗೆ ಅ ಆ ಇ ಈ ತಿದ್ದಿಸಿದೆ. ಕೂಡಿದಾಗಲೆಲ್ಲ ಅಕ್ಕ ನನ್ನ ಕಡೆ ನೋಡಿ, “ನೀ ಮತ್ತ ಪರೀಕ್ಷಾಕ ಕೂತಿದ್ರ ಸೀಟು ಹೊಡೀತಿದ್ದಿ ನೋಡು,” ಎನ್ನುತ್ತಿದ್ದಳು. ಅವಳೊಬ್ಬಳೇ ಹಾಗೆ ಹೇಳುತ್ತಿದ್ದವಳು. ನಾನು “ಸಾಕು ಬಿಡ” ಎಂದು ಮಾತು ಹಾರಿಸಿದರೂ, ಇನ್ನೊಮ್ಮೆ ಅಂದಾಳೇನೋ ಎಂದು ಕಾಯುತ್ತಿದ್ದೆ.

ಅಕ್ಕನಿಗೆ ಮಣ್ಣು ಕೊಟ್ಟು ಬಂದ ಮರುದಿನ ಮುದುಕನಾಗಿದ್ದ ಮಾವ ನನ್ನ ಪಕ್ಕ ಕೂತು ಕಣ್ಣೊರೆಸಿಕೊಂಡ. “ಇನ್ನೊಂದು ಸಲ ಕೂತಿದ್ರ ಅಕಿಗೆ ಸೀಟು ಸಿಗ್ತಿತ್ತು.”

“ಮಾಮಾ, ಮೊದಲ ಸಲ ನನಗೂ ಅಕಿಯಷ್ಟ ಬಿದ್ದಿದ್ದು. ನೆನಪೈತೇನ್ರಿ?”

ಅವನು ನನ್ನನ್ನು ದಿಟ್ಟಿಸಿ ನೋಡಿದ. “ನಿಂದೇನ ತಂಗಿ, ನಿಂದು ಚೊಲೋ ಆಗಿತ್ತಲ್ಲ.”

ನಾನು ತಟ್ಟನೆ ಅಕ್ಕನ ಕೋಣೆಯ ಕಡೆ ನೋಡಿದೆ. ಅಕ್ಕ ಇದ್ದಿದ್ದರೆ ಇಷ್ಟು ಹೊತ್ತಿಗೆ ಒಂದು ಮಾತು ಬರುತ್ತಿತ್ತು. ಬರಲಿಲ್ಲ.

ಎದ್ದು ಅಡುಗೆಮನೆಗೆ ಹೋಗಿ ಹಿಟ್ಟು ನಾದಿದೆ. ಊರಿಗೆಲ್ಲ ಕೇಳುವ ಹಾಗೆ ರೊಟ್ಟಿ ಬಡಿದೆ. ಸುಮ್ಮನಿರು ಎನ್ನಲು ಆ ಮನೆಯಲ್ಲಿ ಓದುವವರು ಯಾರೂ ಇರಲಿಲ್ಲ.