ತರ್ಹೀಲಿನಲ್ಲಿ ನನ್ನ ತಮ್ಮ

ಖಾಜಾ ಫೋನಿನಲ್ಲಿ ಪಿಸುಗುಡುತ್ತಿದ್ದ.

ಮಧ್ಯಾಹ್ನದ ಬಿಡುವು. ನಾನು ಸ್ಟಾಫ್ ರೂಮಿನ ಹೊರಗೆ ನಿಂತಿದ್ದೆ. ಸುತ್ತ ಮಕ್ಕಳ ಗದ್ದಲ.

"ಗಟ್ಟಿ ಮಾತಾಡೋ, ಕೇಳವಲ್ದು" ಎಂದೆ.

"ಗಟ್ಟಿ ಮಾತಾಡಾಕ ಬರಂಗಿಲ್ಲ ಅಕ್ಕಾ. ಗ್ವಾಡಿ ಒಳಗ ಮಂದಿ ಅದಾರ. ಎಲ್ಲಾ ಕೇಳಸ್ಕೊಳ್ಳಾಕತ್ತಾರ."

ಫೋನ್ ಕಟ್ಟಾಯಿತು. ಮುಂದಿನ ಪೀರಿಯಡ್ ಎಂಟನೇ ತರಗತಿ. ಹೋಗಿ ಪಾಠ ಮಾಡಿದೆ. ಏನು ಮಾಡಿದೆನೋ ನೆನಪಿಲ್ಲ.

ಗೋಡೆಯೊಳಗಿನ ಮಂದಿ ನನಗೆ ಹೊಸಬರಲ್ಲ. ಖಾಜಾ ಡಿಗ್ರಿ ಓದುತ್ತಿದ್ದಾಗ ಮೊದಲ ಸಲ ಅವರ ಮಾತು ಕೇಳಿದ್ದ. ಆಗ ಅವ್ವ ಅವನನ್ನು ದರ್ಗಾಕ್ಕೆ ಕರೆದುಕೊಂಡು ಹೋದಳು, ನಾನು ಧಾರವಾಡದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರು ಸ್ಕಿಜೋಫ್ರೇನಿಯಾ ಎಂದರು. ಆ ಹೆಸರನ್ನು ಸರಿಯಾಗಿ ಉಚ್ಚರಿಸಲು ಕಲಿಯುವ ಹೊತ್ತಿಗೆ ಅವನು ಅರ್ಧ ಸುಧಾರಿಸಿದ್ದ. ಮೊದಲು ಇಂಜೆಕ್ಷನ್, ಆಮೇಲೆ ಗುಳಿಗೆ. ಕೊಪ್ಪಳದಲ್ಲಿಯೇ ಮಾನಸಿಕ ತಜ್ಞೆ ಬಂದ ಮೇಲೆ ಧಾರವಾಡದ ಓಡಾಟವೂ ತಪ್ಪಿತು. ಗುಳಿಗೆ ನುಂಗುತ್ತಲೇ ಅವನು ಡ್ರೈವಿಂಗ್ ಕಲಿತ, ಗಂಗಾವತಿಯ ರೈಸ್‌ಮಿಲ್ಲಿನ ಲಾರಿ ಓಡಿಸಿದ, ನನ್ನ ಮದುವೆಯಲ್ಲಿ ಎಲ್ಲರಿಗಿಂತ ಹೆಚ್ಚು ಓಡಾಡಿದ. ಅವನನ್ನು ನೋಡಿದ ಯಾರೂ ರೋಗಿ ಅನ್ನುತ್ತಿರಲಿಲ್ಲ.

ನಾವು ನದಾಫರು. ಅಪ್ಪ ಗಂಗಾವತಿಯಲ್ಲಿ ಗಾದಿ ಹೊಲಿಯುತ್ತಿದ್ದ. ಮನೆಯಲ್ಲಿ ಆಡುವುದು ಕನ್ನಡವೇ. ನಮ್ಮ ಓಣಿಯಿಂದ ಗಲ್ಫಿಗೆ ಹೋದವರು ಬಹಳ, ಖಾಜಾನೂ ಹೊರಟ. ಒಬ್ಬರ ಮನೆಯ ಡ್ರೈವರ್ ಕೆಲಸ. ಡಾಕ್ಟರ್ ಚೀಟಿ ಬರೆದುಕೊಟ್ಟು ಗುಳಿಗೆ ಜೊತೆಗೆ ಕಳಿಸಿದ್ದರು. ಅವು ಮುಗಿದ ಮೇಲೆ ಆ ಕಡೆ ಹೋಗುವವರ ಕೈಯಲ್ಲಿ ನಾವು ಕಳಿಸುತ್ತಿದ್ದೆವು. ಒಂದು ಸಲ ಒಯ್ಯಬೇಕಾದವನು ಹೆದರಿದ. ಕಸ್ಟಮ್ಸ್‌ನವರು ಹಿಡಿದರೆ ನನ್ನ ಗತಿ ಏನು ಎಂದ. ಅವನ ಹೆದರಿಕೆಯೂ ಸುಳ್ಳಲ್ಲ.

ಗುಳಿಗೆ ನಿಂತವು. ಫೋನಿನಲ್ಲಿ ಆ ಪಿಸುಮಾತು ಶುರುವಾಯಿತು. ಆಮೇಲೆ ಅದೂ ನಿಂತಿತು.

ಎಷ್ಟೋ ದಿನ ಖಾಜಾನ ಫೋನ್ ಸ್ವಿಚ್ ಆಫ್. ಅವ್ವ ನಮಾಜಿನ ಚಾಪೆ ಬಿಟ್ಟು ಏಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಒಂದು ತೆಲುಗು ಧ್ವನಿ ಬಂತು. ಕಾಲುವೆ ಬದಿಯ ತೆಲುಗು ರೈತರ ಕ್ಯಾಂಪಿನ ಶಾಲೆಯಲ್ಲಿ ಕೆಲಸ ಮಾಡಿದ್ದರಿಂದ ನನಗೆ ತೆಲುಗು ಬರುತ್ತದೆ. ಆ ಮನುಷ್ಯನ ಹೆಸರು ಸತ್ತಯ್ಯ. ತೆಲಂಗಾಣದವನು. ಅಲ್ಲಿ ಒಂದು ಕಂಪನಿಯಲ್ಲಿ ಸ್ಟೋರ್ ಕೀಪರ್. ರಜೆಯ ದಿನ ತರ್ಹೀಲಿಗೆ ಹೋಗಿ ನಮ್ಮ ಕಡೆಯವರನ್ನು ಕಂಡು ಮಾತನಾಡಿಸಿ ಬರುವುದು ಅವನು ತಾನಾಗಿ ಹಚ್ಚಿಕೊಂಡ ಕೆಲಸ. ತರ್ಹೀಲ್ ಎಂದರೆ ಕಾಗದಪತ್ರ ಇಲ್ಲದವರನ್ನು ದೇಶದಿಂದ ಹೊರಗೆ ಕಳಿಸುವ ತನಕ ಕೂಡಿಹಾಕುವ ಜಾಗ.

"ಅಕ್ಕಾ, ನಿಮ್ಮ ತಮ್ಮ ಇಲ್ಲಿದ್ದಾನೆ. ಜೀವಂತ ಇದ್ದಾನೆ" ಎಂದ.

ಮೊದಲು ಅದನ್ನು ಹೇಳಿದ್ದಕ್ಕೆ ನಾನು ಅವನಿಗೆ ಇಂದಿಗೂ ಋಣಿ.

ಖಾಜಾ ಯಾರದೋ ಧ್ವನಿಗೆ ಹೆದರಿ ಬರಿಗಾಲಲ್ಲಿ ಮಾಲೀಕರ ಮನೆ ಬಿಟ್ಟು ಹೊರಬಿದ್ದಿದ್ದ. ಅವರು ಡ್ರೈವರ್ ಓಡಿಹೋದನೆಂದು ದೂರು ಬರೆಸಿದರು. ಪೊಲೀಸರಿಗೆ ರಸ್ತೆಯಲ್ಲಿ ಸಿಕ್ಕಾಗ ಅವನ ಹತ್ತಿರ ಒಂದು ಚೂರು ಕಾಗದವೂ ಇರಲಿಲ್ಲ. ನನ್ನ ತಮ್ಮ ಮಾಡಿದ ಅಪರಾಧ ಇಷ್ಟೇ. ರೋಗ ಹೆಚ್ಚಾದಾಗ ಒಂದು ಬಾಗಿಲು ದಾಟಿದ್ದು.

ಪಾಸ್‌ಪೋರ್ಟ್ ನಕಲು ಕಳಿಸಿದೆವು. ಗಂಗಾವತಿಯ ಮನೆಗೆ ಪೊಲೀಸರು ಬಂದು ವಿಚಾರಿಸಿ ಹೋದರು. ಊರಿಗೆ ಬರಲು ಬೇಕಾದ ತಾತ್ಕಾಲಿಕ ಪತ್ರ ಸಿಕ್ಕಿತು. ಹೈದರಾಬಾದಿಗೆ ಟಿಕೆಟ್ ಆಯಿತು ಎಂದು ಸತ್ತಯ್ಯ ತಿಳಿಸಿದ. ಗಿಣಿಗೇರಾದ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ಯಜಮಾನರು ಶಿಫ್ಟ್ ಬದಲಿಸಿಕೊಂಡರು. ಇಬ್ಬರೂ ಹೈದರಾಬಾದಿನ ಏರ್‌ಪೋರ್ಟಿಗೆ ಹೋಗಿ ನಿಂತೆವು. ಜನ ಹೊರಗೆ ಬರತೊಡಗಿದರು. ಟ್ರಾಲಿ ತಳ್ಳುತ್ತಾ ಬಂದವರು, ಕೊನೆಗೆ ಬರೀ ಪ್ಲಾಸ್ಟಿಕ್ ಚೀಲ ಹಿಡಿದು ಬಂದವರು. ಆ ಚೀಲದವರಲ್ಲಿ ಒಬ್ಬನನ್ನು ತಡೆದು ಖಾಜಾನ ಫೋಟೋ ತೋರಿಸಿದೆ.

"ಇವನನ್ನು ವಿಮಾನದ ಬಾಗಿಲ ತನಕ ತಂದಿದ್ದರಮ್ಮ. ಚೀರಾಡಿದ. ಪೈಲಟ್ ಹತ್ತಿಸಿಕೊಳ್ಳಲಿಲ್ಲ. ವಾಪಸ್ ಒಯ್ದರು."

ವಿಮಾನ ಅವನನ್ನು ಬಿಟ್ಟು ಬಂದಿತ್ತು.

ವಾಪಸ್ ಬರುವಾಗ ರಾಯಚೂರು ದಾಟಿದ ಮೇಲೆ ಗಂಟು ಎಲ್ಲಿದೆ ಎಂಬುದು ನನಗೆ ಸ್ಪಷ್ಟವಾಯಿತು. ಹುಷಾರಾಗದೆ ಅವನನ್ನು ವಿಮಾನ ಹತ್ತಿಸುವುದಿಲ್ಲ. ವಿಮಾನ ಹತ್ತದೆ ಅವನು ತರ್ಹೀಲಿನಿಂದ ಹೊರಗೆ ಬರುವುದಿಲ್ಲ. ಅಂದ ಮೇಲೆ ತರ್ಹೀಲಿನೊಳಗೆಯೇ ಅವನು ಹುಷಾರಾಗಬೇಕು. ಅದಕ್ಕಾಗಿ ಓಡಾಡಲು ನನ್ನನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಕೊಪ್ಪಳದ ಪಕ್ಕದ ಭಾಗ್ಯನಗರದ ನಮ್ಮ ಮನೆಗೆ ಬಂದು ಚಪ್ಪಲಿ ಬಿಡುವಾಗ, ಗಂಗಾವತಿಯಿಂದ ಬಂದಿದ್ದ ಅವ್ವ ಬಾಗಿಲಲ್ಲೇ ಕೂತಿದ್ದಳು.

"ಹಂಗಾದ್ರ ನನ್ನ ಕೂಸು ಅಲ್ಲೇ ಉಳೀತದೇನವಾ?"

"ಇಲ್ಲ. ನಾ ಕರಸ್ತೀನಿ" ಎಂದೆ. ಹೇಗೆ ಎಂದು ನನಗೆ ಗೊತ್ತಿರಲಿಲ್ಲ.

ಮರುದಿನವೇ ರಜೆ ಹಾಕಿ ಕೊಪ್ಪಳದ ಆಸ್ಪತ್ರೆಗೆ ಹೋದೆ. ಓಪಿಡಿ ಮುಗಿಯುವ ತನಕ ಬೆಂಚಿನ ಮೇಲೆ ಕೂತೆ. ಡಾಕ್ಟರ್ ಮೇಡಂ ಎಲ್ಲವನ್ನೂ ಕೇಳಿಸಿಕೊಂಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡ್ರಿ ಟೀಚರ್, ಪೇಷಂಟ್ ನೋಡದ ನಾ ಇಲ್ಲಿಂದ ಔಷಧ ಬರಿಯಾಕ ಬರಂಗಿಲ್ಲ. ಬರದ್ರೂ ಅಲ್ಲಿ ನಡಿಯಂಗಿಲ್ಲ. ಆದ್ರ ಇಷ್ಟು ವರ್ಷ ಏನೇನ್ ಕೊಟ್ಟೀವಿ, ಯಾವುದಕ್ಕ ಸುಧಾರಿಸಿದ, ಯಾವುದು ಅವಗ ಒಗ್ಗಲಿಲ್ಲ, ಅದನ್ನ ಬರದು ಕೊಡತೀನಿ. ಅಲ್ಲೀ ಡಾಕ್ಟರ್‌ಗೆ ಬೇಕಾಗಿದ್ದು ಅದ. ಅವರು ಫೋನಿಗೆ ಸಿಕ್ರ ನನ್ನ ಜೋಡಿ ಮಾತಾಡಸ್ರಿ."

"ಅವರು ಸಿಗತಾರೇನ್ರಿ ಮೇಡಂ?"

"ಸಿಗೂ ತನಕ ಬಿಡಬ್ಯಾಡ್ರಿ."

ಅಲ್ಲಿಂದ ನನ್ನ ಕೆಲಸ ಶುರುವಾಯಿತು. ಅದು ಶುಶ್ರೂಷೆಯೇ. ಆದರೆ ಹಣೆ ಮುಟ್ಟಿ ನೋಡುವ ಹಾಗಿಲ್ಲ, ತುತ್ತು ಮಾಡಿ ತಿನ್ನಿಸುವ ಹಾಗಿಲ್ಲ. ಕೈಯಲ್ಲಿದ್ದದ್ದು ಒಂದು ಫೋನ್ ಮಾತ್ರ. ಸತ್ತಯ್ಯನ ಮೂಲಕ ತರ್ಹೀಲಿನ ಕ್ಲಿನಿಕ್ಕಿನ ನರ್ಸ್ ಬಿಜು ಸಿಕ್ಕ, ಕೇರಳದ ಹುಡುಗ. ಬಿಜುವಿನ ಮೂಲಕ, ಅಲ್ಲಿಗೆ ಆಗಾಗ ಬರುವ ಮಾನಸಿಕ ತಜ್ಞರಿಗೆ ನಮ್ಮ ಮೇಡಂ ಬರೆದ ಚಿಕಿತ್ಸೆಯ ವಿವರ ತಲುಪಬೇಕು. ಶುಕ್ರವಾರ, ಶನಿವಾರ ಅಲ್ಲಿ ರಜೆ. ಭಾನುವಾರ ಇಲ್ಲಿ ರಜೆ. ಅವರಿಗೆ ಬಿಡುವಾದಾಗ ನಮ್ಮ ಮೇಡಂ ಕುಷ್ಟಗಿಯಲ್ಲೋ ಯಲಬುರ್ಗಾದಲ್ಲೋ ಆರೋಗ್ಯ ಶಿಬಿರದಲ್ಲಿ ಇರುತ್ತಿದ್ದರು, ಇವರಿಗೆ ಬಿಡುವಾದಾಗ ಆ ಡಾಕ್ಟರು ಬೇರೆ ಊರಿಗೆ ಹೋಗಿರುತ್ತಿದ್ದರು. ಕಳಿಸಿದ ಫೋಟೋ ಮಸುಕಾಗಿದೆ ಎಂದು ಒಮ್ಮೆ ವಾಪಸ್ ಬಂತು. ಸಹಿಯ ಕೆಳಗೆ ಆಸ್ಪತ್ರೆಯ ಸೀಲ್ ಇಲ್ಲ ಎಂದು ಇನ್ನೊಮ್ಮೆ. ಪ್ರತಿ ಸಲವೂ ನಾನು ಮತ್ತೆ ಶುರು ಮಾಡಿದೆ. ನಾಚಿಕೆ ಬಿಟ್ಟೆ. ಸ್ಟಾಫ್ ರೂಮಿನಲ್ಲಿಯೇ ತೆಲುಗು, ಇಂಗ್ಲಿಷ್, ಬಾರದ ಹಿಂದಿ ಎಲ್ಲ ಸೇರಿಸಿ ಮಾತನಾಡಿದೆ. ಸಹೋದ್ಯೋಗಿಗಳಿಗೆ ನನ್ನ ತಮ್ಮನ ಕಾಯಿಲೆ ಅದುವರೆಗೂ ಗೊತ್ತಿರಲಿಲ್ಲ. ಗೊತ್ತಾಯಿತು. ಆಗಲಿ ಎಂದುಕೊಂಡೆ.

ಆಗಲೇ ಬಿಜು ಹೇಳಿದ, "ನಿಮ್ಮ ತಮ್ಮ ಊಟ ಮಾಡುತ್ತಿಲ್ಲ."

ವಿಮಾನದಿಂದ ವಾಪಸ್ ತಂದ ದಿನ ಅವನನ್ನು ಶಾಂತ ಮಾಡಲು ಒಂದು ಇಂಜೆಕ್ಷನ್ ಕೊಟ್ಟಿದ್ದರಂತೆ. ಕುತ್ತಿಗೆ ಒಂದು ಕಡೆ ತಿರುಗಿ ಸೆಟೆದುಕೊಂಡಿತು. ಅದಕ್ಕೆ ಬೇರೆ ಔಷಧ ಕೊಟ್ಟು ಸರಿ ಮಾಡಿದರು. ಆದರೆ ತನಗೆ ವಿಷ ಹಾಕುತ್ತಿದ್ದಾರೆ ಎಂಬುದು ಖಾಜಾನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತ್ತು. ಧಾರವಾಡದಲ್ಲಿಯೂ ಅದೇ ಔಷಧಕ್ಕೆ ಹಾಗೆಯೇ ಆಗಿತ್ತು. ಮೇಡಂ ಬರೆದ ವಿವರದಲ್ಲಿ ಅದು ದೊಡ್ಡ ಅಕ್ಷರದಲ್ಲಿತ್ತು. ಅದಿನ್ನೂ ಅಲ್ಲಿಯ ಡಾಕ್ಟರ ಕೈಗೆ ಮುಟ್ಟಿರಲಿಲ್ಲ, ಅಷ್ಟೇ.

ಅವ್ವ ಒಂದು ವಾಯ್ಸ್ ಮೆಸೇಜ್ ಮಾಡಿದಳು. "ಖಾಜಾ, ನಾ ನಿಮ್ಮವ್ವ. ಉಣ್ಣಪ್ಪಾ." ಸತ್ತಯ್ಯ ಅದನ್ನು ಕೇಳಿಸಿದಾಗ ಅವನು ಎರಡೂ ಕಿವಿ ಮುಚ್ಚಿಕೊಂಡನಂತೆ. ಅವ್ವನಿಗೆ ಇದನ್ನು ಹೇಗೆ ಹೇಳುವುದು? ಕೇಳಿಸಿಕೊಂಡ ಎಂದಷ್ಟೇ ಹೇಳಿದೆ.

ಮೊದಲ ಸಲ ರೋಗ ಬಂದಾಗಿನ ದಿನಗಳನ್ನು ನಾನು ಒಂದೊಂದಾಗಿ ನೆನಪಿಸಿಕೊಂಡೆ. ಆಗಲೂ ಅವನು ಅನ್ನ ಮುಟ್ಟುತ್ತಿರಲಿಲ್ಲ. ಬಾಳೆಹಣ್ಣು ತಿನ್ನುತ್ತಿದ್ದ. ಸಿಪ್ಪೆ ಇದ್ದ ಕುದಿಸಿದ ತತ್ತಿ ತಿನ್ನುತ್ತಿದ್ದ. ತಾನೇ ಸುಲಿಯಬೇಕು, ಅಷ್ಟೇ. ಒಳಗೆ ಯಾರೂ ಏನೂ ಬೆರೆಸಿಲ್ಲ ಎಂದು ಅವನಿಗೆ ಆಗ ಮಾತ್ರ ನಂಬಿಕೆ. ಬಿಜುಗೆ ಹೇಳಿದೆ. ಅವನು ಅಡುಗೆಯವರೊಂದಿಗೆ ಮಾತನಾಡಿದ. ಮೂರನೆಯ ದಿನ ಫೋನ್ ಬಂತು.

"ಟೀಚರ್, ಎರಡು ತತ್ತಿ ತಿಂದ."

ಶಾಲೆಯ ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತು ಅತ್ತೆ. ಅಷ್ಟು ದಿನಗಳಲ್ಲಿ ಅದೇ ಮೊದಲು.

ಕೊನೆಗೆ ಡಾಕ್ಟರಿಬ್ಬರೂ ಮಾತನಾಡಿದರು. ನಾನು ಮೇಡಂ ಎದುರಿಗೇ ಕೂತಿದ್ದೆ. ಇಂಗ್ಲಿಷಿನಲ್ಲಿ ಹತ್ತು ನಿಮಿಷದ ಮಾತು, ಅಷ್ಟೇ. ತರ್ಹೀಲಿನಲ್ಲಿ ದಿನಾ ನಿಂತು ಗುಳಿಗೆ ನುಂಗಿಸುವವರು ಇಲ್ಲ. ಆದ್ದರಿಂದ ಒಮ್ಮೆ ಕೊಟ್ಟರೆ ವಾರಗಟ್ಟಲೆ ಮೈಯಲ್ಲಿ ಉಳಿಯುವ ಡಿಪೋ ಇಂಜೆಕ್ಷನ್ ಕೊಡುವುದೆಂದು ಇಬ್ಬರೂ ಒಪ್ಪಿದರು. ಧಾರವಾಡದಲ್ಲಿ ಅವನನ್ನು ಎಬ್ಬಿಸಿ ಕೂರಿಸಿದ್ದು ಅದೇ.

ಆದರೆ ಖಾಜಾ ಅದಕ್ಕೆ ಒಪ್ಪಬೇಕಲ್ಲ. ಅಲ್ಲಿಯ ಡಾಕ್ಟರು ಒಂದು ಮಾತು ಹೇಳಿದ್ದರು. ಹಿಡಿದು ಚುಚ್ಚುವುದು ಬೇಡ, ಇನ್ನೊಂದು ಸಲ ಹಿಡಿದರೆ ಅವನು ಯಾರನ್ನೂ ನಂಬುವುದಿಲ್ಲ. ಕಾಣದ ಆ ಮನುಷ್ಯನನ್ನು ನಾನು ದುವಾದಲ್ಲಿ ನೆನೆಯುತ್ತೇನೆ.

ಇಂಜೆಕ್ಷನ್ ಕೊಡುವ ದಿನ ನಾನು ಮತ್ತೆ ಮೇಡಂ ರೂಮಿನಲ್ಲಿ ಅವರ ಪಕ್ಕ ಕೂತಿದ್ದೆ. ಬಿಜು ಕ್ಲಿನಿಕ್ಕಿನಿಂದ ವಿಡಿಯೋ ಕಾಲ್ ಮಾಡಿದ. ಅನುಮತಿ ತೆಗೆದುಕೊಂಡೇ ಮಾಡಿದ್ದ. ಸ್ಕ್ರೀನಿನಲ್ಲಿ ಮೂಲೆಯ ಕುರ್ಚಿಯ ಮೇಲೆ ಮುದುಡಿ ಕೂತ ಒಬ್ಬ ಗಡ್ಡದವನು. ನನ್ನ ತಮ್ಮ ಎಂದು ಗುರುತು ಹಿಡಿಯಲು ಹೊತ್ತಾಯಿತು.

"ಖಾಜಾ, ನಾ ಅಕ್ಕ."

"ಅಕ್ಕನ ದನಿ ಮಾಡಾಕ ಭಾಳ ಮಂದಿಗೆ ಬರತೈತಿ" ಎಂದ ಅವನು, ಫೋನಿನ ಕಡೆಗೆ ನೋಡದೆ.

ನಾನು ವಾದ ಮಾಡಲಿಲ್ಲ. ವಾದ ಮಾಡಬಾರದು ಎಂದು ಮೇಡಂ ಹೇಳಿಕೊಟ್ಟಿದ್ದರು. "ಹೌದಪಾ, ನಿನಗ ಅಂಜಿಕಿ ಆಗೇತಿ. ನನಗ ಗೊತ್ತೈತಿ. ನೀ ನನ್ನ ನಂಬಬ್ಯಾಡ. ಔಷಧ ಅಷ್ಟ ನೋಡು" ಎಂದೆ. ಬಿಜು ಸಣ್ಣ ಬಾಟಲಿಯನ್ನು ಅವನ ಕೈಗೇ ಕೊಟ್ಟ. ಒಳಗೆ ಎಣ್ಣೆಯಂಥ ಹಳದಿ ದ್ರವ. ಖಾಜಾ ಅದನ್ನು ಬೆಳಕಿಗೆ ಹಿಡಿದ. ಆ ಕಡೆ, ಈ ಕಡೆ ತಿರುಗಿಸಿದ. ಬಹಳ ಹೊತ್ತು ನೋಡಿದ.

"ಇದು ಧಾರವಾಡದ್ದಲ್ಲೇನು?"

"ಹೌದು. ಅದ."

"ಕುತ್ತಿಗಿ ತಿರುಗಂಗಿಲ್ಲಲ್ಲ?"

"ಅದು ಬ್ಯಾರೆ ಸೂಜಿ ಇತ್ತಪಾ. ಅದನ್ನ ಇನ್ನ ನಿನಗ ಕೊಡಂಗಿಲ್ಲ."

ಅವನು ಬಾಟಲಿಯನ್ನು ಬಿಜುವಿನ ಕೈಗೆ ವಾಪಸ್ ಕೊಟ್ಟ. ಅಂಗಿಯ ತೋಳು ಏರಿಸಿದ. ಅದು ತೋಳಿಗಲ್ಲ, ಸೊಂಟಕ್ಕೆ ಕೊಡುವುದು ಎಂದು ಬಿಜು ಹೇಳಿದಾಗ "ನನಗ ಮರ್ತಿತ್ತು" ಎಂದು ಎದ್ದು ನಿಂತ.

ಮೇಡಂ ಮುಖ ಪಕ್ಕಕ್ಕೆ ತಿರುಗಿಸಿಕೊಂಡಿದ್ದರು.

ಒಂದೇ ಇಂಜೆಕ್ಷನ್ನಿಗೆ ಯಾರೂ ಹುಷಾರಾಗುವುದಿಲ್ಲ. ಎರಡನೆಯದು ಆಯಿತು. ಜೊತೆಗೆ ಗುಳಿಗೆ ನುಂಗತೊಡಗಿದ. ಅನ್ನ ಉಂಡ. ಸತ್ತಯ್ಯ ಹೋದಾಗ ಹೆಸರು ಹಿಡಿದು ಕರೆದ. ವಿಮಾನ ಹತ್ತಬಹುದು ಎಂದು ಅಲ್ಲಿಯ ಡಾಕ್ಟರು ಬರೆದುಕೊಟ್ಟರು. ಈ ಸಲ ನಿಜಾಮಾಬಾದಿನ ಒಬ್ಬರ ಪಕ್ಕದ ಸೀಟು ಕೊಡಿಸಿ, ದಾರಿಯಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂದು ಅವರಿಗೆ ಸತ್ತಯ್ಯ ತಿಳಿಸಿದ್ದ. ಹೈದರಾಬಾದಿನಲ್ಲಿ ಮತ್ತೆ ಅದೇ ಬಾಗಿಲ ಎದುರು ನಿಂತೆವು. ಅವ್ವನೂ ಬಂದಿದ್ದಳು.

ಖಾಜಾ ಹೊರಗೆ ಬಂದ. ತೆಳ್ಳಗಾಗಿದ್ದ. ಅವ್ವ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ. ಕಾರಿನಲ್ಲಿ ಕೂತು ಬಾಗಿಲನ್ನು ಒಳಗಿನಿಂದ ತೆಗೆದು ನೋಡಿದ. ಮುಚ್ಚಿದ. ಮತ್ತೆ ತೆಗೆದ. ಡ್ರೈವರ್ ಏನೋ ಅನ್ನಲು ಹೋದಾಗ ನನ್ನ ಯಜಮಾನರು ಬೇಡ ಎಂದು ಕೈಸನ್ನೆ ಮಾಡಿದರು. ಅವನಿಗೆ ಸಾಕೆನಿಸಿದ ಮೇಲೆ ಹೊರಟೆವು.

ರೋಗ ಒಂದು, ಕೂಡಿಹಾಕಿದ್ದರ ಪೆಟ್ಟು ಇನ್ನೊಂದು. ಇದು ನನಗೆ ಅವನು ಮನೆಗೆ ಬಂದ ಮೇಲೆ ಅರ್ಥವಾಯಿತು. ಧ್ವನಿಗಳು ಬಹಳಷ್ಟು ಕಡಿಮೆಯಾಗಿದ್ದವು. ಆದರೆ ನೀರು ಕುಡಿಯಲು ಏಳುವಾಗ "ಹೋಗ್ಲೇನಕ್ಕಾ?" ಎಂದು ಕೇಳುತ್ತಿದ್ದ. ಹೊರಗೆ ಯಾರಾದರೂ ಹೆಸರು ಕರೆದರೆ ಎದ್ದು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದ. ಅದಕ್ಕೆ ಇಂಜೆಕ್ಷನ್ ಇಲ್ಲ ಎಂದರು ಮೇಡಂ. ಮಾತು, ಹೊತ್ತು, ಮನೆಯವರ ತಾಳ್ಮೆ ಇವೇ ಬೇಕು. ಆಸ್ಪತ್ರೆಗೆ ಹತ್ತಿರ ಎಂದು ಅವನನ್ನು ಭಾಗ್ಯನಗರದಲ್ಲಿ ನಮ್ಮೊಂದಿಗೇ ಇಟ್ಟುಕೊಂಡೆವು. ಕೌನ್ಸೆಲಿಂಗಿಗೆ ಮೊದಮೊದಲು ನಾನು ಜೊತೆಗೆ ಒಳಗೆ ಹೋಗುತ್ತಿದ್ದೆ. ಈಗ ಹೊರಗೆ ಕೂರುತ್ತೇನೆ. ಒಂದು ದಿನ "ಹೋಗ್ಲೇನು" ಎಂದು ಕೇಳದೆ ಎದ್ದು ಹೋಗಿ ಅಂಗಡಿಯಿಂದ ಬ್ಲೇಡ್ ತಂದು ಗಡ್ಡ ಬೋಳಿಸಿಕೊಂಡ. ಅವ್ವ ಒಳಗೆ ಹೋಗಿ ಶಾವಿಗೆ ಪಾಯಸಕ್ಕೆ ಹಾಲಿಟ್ಟಳು.

ಹೋದ ತಿಂಗಳು ಕುಷ್ಟಗಿಯಿಂದ ಒಬ್ಬ ಹೆಣ್ಣುಮಗಳು ಮನೆ ಹುಡುಕಿಕೊಂಡು ಬಂದರು. ಶರಣಮ್ಮ. ಯಾರೋ ನನ್ನ ಹೆಸರು ಹೇಳಿದ್ದರಂತೆ. ಅವರ ಮಗನೂ ಅದೇ ತರ್ಹೀಲಿನಲ್ಲಿ. ಫೋನ್ ಸಿಕ್ಕಾಗಲೆಲ್ಲ ಬರೀ ಅಳುತ್ತಾನೆ.

"ಇಲ್ಲಿದ್ದಾಗ ಅಂವಗ ಏನೂ ಇದ್ದಿಲ್ರಿ ಯವ್ವಾ. ಯಾರಿಗಿ ಹೇಳಬೇಕು, ಏನಂತ ಹೇಳಬೇಕು, ಒಂದೂ ತಿಳಿವಲ್ದು."

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಖಾಜಾ ಬಂದ. ಬಂದಾಗಿನಿಂದ ಹೊರಗಿನ ಯಾರೆದುರೂ ಅವನು ಆ ಜಾಗದ ಮಾತೆತ್ತಿರಲಿಲ್ಲ. ಅವರ ಎದುರು ನೆಲದ ಮೇಲೆ ಕೂತ.

"ಅಳಾಕತ್ತಾನಂದ್ರ ಅಳಲಿ ಬಿಡ್ರಿ ಅವ್ವಾರ. ಅಳೂ ಮಟಾ ಅಂವಾ ನಿಮ್ಮನ್ನ ನಂಬ್ಯಾನ. ಸುಮ್ನ ಆದ ಅಂದ್ರ ಅವತ್ತ ನಮ್ಮಕ್ಕಗ ಫೋನ್ ಮಾಡ್ರಿ. ತಡಾ ಮಾಡಬ್ಯಾಡ್ರಿ."

ಶರಣಮ್ಮ ಅವನ ಮುಖವನ್ನೇ ನೋಡುತ್ತಿದ್ದರು.

"ನೀ ಅಲ್ಲಿಂದ ಬಂದಿಯೇನಪಾ?"

"ಹೌದ್ರಿ."

ಅಷ್ಟು ಹೇಳುವುದರಲ್ಲಿ ಅವನ ಹಣೆ ಬೆವರಿತ್ತು. "ಇವತ್ತಿಗೆ ನನಗ ಇಷ್ಟ ಸಾಕಕ್ಕಾ" ಎಂದು ಎದ್ದು ಒಳಗೆ ಹೋಗಿ ಮಲಗಿದ. ಸಾಕಾದದ್ದನ್ನು ಸಾಕು ಎನ್ನಲು ಬಂದದ್ದೇ ನನಗೆ ದೊಡ್ಡದು. ಈ ರೋಗ ಮತ್ತೆ ಬರಬಹುದು ಎಂದು ಮೇಡಂ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಖಾಜಾ ಇವತ್ತು ಹುಷಾರಾಗಿದ್ದಾನೆ. ಅಲ್ಲಾಹನ ದಯೆ, ಕಾಣದೂರಿನ ಮೂರು ಜನರ ದಯೆ.

ಶರಣಮ್ಮನಿಗೆ ನೀರು ಕೊಟ್ಟೆ. ಮಗನ ಹೆಸರು ಕೇಳಿದೆ, ನಿದ್ದೆ ಹೇಗಿದೆ, ಊಟ ಮಾಡುತ್ತಾನಾ ಎಂದು ಕೇಳಿದೆ. ಗಡಿಯಾರ ನೋಡಿದೆ. ಅಲ್ಲಿ ಸತ್ತಯ್ಯನಿಗೆ ಊಟದ ಬಿಡುವು ಆಗಿರಬೇಕು. ನಂಬರ್ ಒತ್ತಿ, ಅವರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.