ಸುರಗಿ ಹಾಡಿಗೆ ಅನಾಮತ್ತು

"ಮಾಮಾ, ಈ ಆ್ಯಪ್ ನನ್ನ ಟೋಕನ್ ನಂಗೇ ಕೊಡವಲ್ದು!"

ಕಳೆದ ಭಾನುವಾರ ಬಸವಕಲ್ಯಾಣದಿಂದ ಹುಮನಾಬಾದಿನ ಅಕ್ಕನ ಮನೆಗೆ ಹೋಗಿ ಚಪ್ಪಲಿ ಬಿಡುವಷ್ಟರಲ್ಲೇ ಅಕ್ಕನ ಮಗಳು ಶಿಲ್ಪಾಳ ದೂರು. ಪತ್ರಿಕೆಗೆ ಬರೆಯುವ ನನಗೆ ಎಲ್ಲವೂ ಗೊತ್ತು ಎಂಬುದು ಆ ಮನೆಯ ನಂಬಿಕೆ. (ನಾನೂ ಅದನ್ನು ಕೆಡಿಸಲು ಹೋಗಿಲ್ಲ.)

ಒಂದು ಬ್ಲಾಕ್‌ಚೈನ್ ಆ್ಯಪನ್ನು ಕನ್ನಡಕ್ಕೆ ಅನುವಾದಿಸಿದ್ದಕ್ಕೆ ಅವಳಿಗೆ ಸಂಭಾವನೆಯಾಗಿ ಟೋಕನ್, ಅಂದರೆ ಡಿಜಿಟಲ್ ನಾಣ್ಯಗಳು, ಬಂದಿದ್ದವು. ಅವನ್ನು ಮಾರಿ ಸೆಕೆಂಡ್ ಹ್ಯಾಂಡ್ ಸ್ಕೂಟಿ ಕೊಳ್ಳಬೇಕು. ಹಳ್ಳಿಖೇಡದ ಶಾಲೆಯಲ್ಲಿ ಟೀಚರ್ ಅವಳು. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ತೆವಳುವ ಬಸ್ಸು ಸಾಕಾಗಿದೆ. ಬ್ಯಾಲೆನ್ಸ್ ಏನೋ ಭರ್ಜರಿ ತೋರಿಸುತ್ತದೆ, ಆದರೆ ಅರ್ಧಕ್ಕಿಂತ ಹೆಚ್ಚು ಹೊರಗೆ ಬರುವುದಿಲ್ಲ.

"ಮೋಸ ಆಗ್ಯಾದ," ತೀರ್ಪು ಕೊಟ್ಟುಬಿಟ್ಟೆ.

ಆ್ಯಪಿನ ಸಹಾಯ ಪುಟ ತೆರೆದೆವು. ಅಲ್ಲಿ 'ಸಂಗ್ರಹಣಾ ಖಾತರಿ ಶೇಷ' ಎಂದಿತ್ತು. ಹಾಗೆಂದರೇನು? ಯಾವ ಪುಣ್ಯಾತ್ಮ ಬರೆದದ್ದು?

"ನಾನೇ ಬರ್ದಿದ್ದು ಮಾಮಾ," ಎಂದಳು ಮೆಲ್ಲಗೆ.

ಅದರ ಮೂಲವನ್ನು ಇಂಗ್ಲಿಷಿನಲ್ಲಿ ಓದಿಕೊಂಡ ಮೇಲೆ ಹಣೆ ಹಣೆ ಬಡಿದುಕೊಂಡಳು. "ಅಯ್ಯ, ಇದು ಅನಾಮತ್ ಅದ! ಲಗ್ನಕ್ಕ ಅಡ್ಗಿ ಭಾಂಡೆ ತರ್ಬೇಕಾದ್ರ ಅಂಗಡ್ಯಾಗ ಅನಾಮತ್ ರೊಕ್ಕ ಇಡ್ತೀವಲ್ಲ, ಭಾಂಡೆ ಕೊಟ್ರ ವಾಪಸ್ ಸಿಗ್ತದ, ಹಂಗ."

ನನ್ನ ತಲೆಗೂ ಆಗಲೇ ಹೋದದ್ದು. ಬ್ಲಾಕ್‌ಚೈನ್‌ನಲ್ಲಿ ಏನನ್ನಾದರೂ ಇಟ್ಟರೆ, ಅದು ಹಿಡಿಯುವ ಜಾಗಕ್ಕೆ ತಕ್ಕಷ್ಟು ಟೋಕನ್ ಖಾತೆಯಲ್ಲಿ ಕಟ್ಟುಬಿದ್ದಿರುತ್ತದೆ. ಬ್ಯಾಲೆನ್ಸ್ ಇದ್ದಷ್ಟೇ ಜಾಗ. ಬಾಡಿಗೆಯಲ್ಲ, ಯಾರೂ ಮುರಿದುಕೊಳ್ಳುವುದಿಲ್ಲ. ಇಟ್ಟದ್ದನ್ನು ಅಳಿಸಿದರೆ ಟೋಕನ್ ಬಿಡುಗಡೆ.

"ಅಂಥಾದ್ದೇನು ಇಟ್ಟೀದಿ?" ಕೇಳಿದೆ.

"ಅವ್ವನ ಸುರಗಿ ಹಾಡು. ದನಿ ಸಮೇತ. ನನ್ ಹಳೇ ಫೋನ್ ನೀರಾಗ ಬಿದ್ದು ಎಲ್ಲಾ ಹೋಗಿದ್ವಲ್ಲ, ಅದಕ್ಕ."

ಮದುವೆಯಲ್ಲಿ ಮದುಮಕ್ಕಳನ್ನು ಕೂರಿಸಿ ಸುತ್ತಲೂ ನೂಲಿನ ಸುರಗಿ ಸುತ್ತುವಾಗ ಅಕ್ಕ ಹಾಡಲೇಬೇಕು. ದೂರದ ಮಂಠಾಳದಿಂದಲೂ ಕರೆ ಬರುತ್ತದೆ. ರೊಟ್ಟಿ ಬಡಿಯುತ್ತಿದ್ದ ಅಕ್ಕ ಒಳಗಿನಿಂದಲೇ ಕೂಗಿದಳು: "ಅಳಿಸಿ ಸ್ಕೂಟಿ ತಗೋ ಬೇ! ಹಾಡು ನನ್ ಬಾಯಾಗೇ ಅವ."

ಅಳಿಸಬೇಡ ಎನ್ನಬೇಕೆನಿಸಿತು. ಆದರೆ ದಿನಾ ಬಸ್ಸಿನಲ್ಲಿ ನಿಂತು ಹೋಗುವವನು ನಾನಲ್ಲವಲ್ಲ! ಶಿಲ್ಪಾ ಡಿಲೀಟ್ ಬಟನ್ ಮೇಲೆ ಬೆರಳು ತಂದಳು. ಧೈರ್ಯ ತುಂಬಲೆಂದೇ ಅಕ್ಕ ದನಿ ಎತ್ತಿದಳು. ಮೊದಲ ನುಡಿ ಸಲೀಸು. ಎರಡನೆಯದು ಅರ್ಧಕ್ಕೆ ನಿಂತಿತು. ರೊಟ್ಟಿ ಬಡಿಯುವ ಸದ್ದೂ ನಿಂತಿತು.

"ಶಿಲ್ಪಾ, ಮುಂದ ಹ್ಯಾಂಗದ? ಜರಾ ಫೋನಿನ್ಯಾಗ ಹಚ್ಚು."

ಶಿಲ್ಪಾ ಬೆರಳು ಸರಿಸಿ ಹಾಡು ಹಚ್ಚಿದಳು. ಸೋಮವಾರ ಮತ್ತೆ ಅದೇ ಬಸ್ಸು ಹತ್ತಿದ್ದಾಳೆ.

ನಿಮ್ಮ ಮನೆಯ ಹಾಡುಗಳು ಯಾರ ಬಾಯಲ್ಲಿ ಅನಾಮತ್ತಾಗಿವೆ?